ಕೈಮಿಷನ್ನು ಹಿಡಿದು ಊರೂರು

ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಹಿಡಿದು ರೈಲಿಗೆ ಹೊರಡುತ್ತಿದ್ದ ಹೆಂಗಸು ನಾನೊಬ್ಬಳೇ. ಗಂಡಸರು ಬೇಕಾದಷ್ಟು ಜನ ಹೊರಡುತ್ತಿದ್ದರು. ಆಲೂಗಡ್ಡೆ ಮಂಡಿಯವರು, ರೇಷ್ಮೆಗೂಡಿನ ವ್ಯಾಪಾರದವರು, ಅಮಲ್ದಾರರ ಕಚೇರಿಯ ಗುಮಾಸ್ತರು, ಒಬ್ಬರಲ್ಲ ಒಬ್ಬರು ವಾರದಲ್ಲಿ ಅರ್ಧ ಪಾಲು ಊರಲ್ಲೇ ಇರುತ್ತಿರಲಿಲ್ಲ. ಅವರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಯಾರಾದರೂ ಕೇಳಿದ್ದನ್ನು ನಾನು ಕಾಣೆ. ನನ್ನನ್ನು ಮಾತ್ರ ನಲ್ಲಿಯ ಹತ್ತಿರ ಕೇಳಿದರು, ದೇವಸ್ಥಾನದಲ್ಲಿ ಕೇಳಿದರು, ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದಾಗಲೂ ಕೇಳಿದರು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮ ಯಜಮಾನರು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮನೆಯಲ್ಲಿ ಅವರು, ನಾನು, ನಮ್ಮತ್ತೆ, ಇನ್ನೂ ಶಾಲೆಗೆ ಸೇರದ ನಮ್ಮ ಮಗಳು. ಅವರ ಅಣ್ಣ, ಎಂದರೆ ನನ್ನ ಭಾವ, ಗೌರಿಬಿದನೂರಿನ ಹತ್ತಿರದ ಹಳ್ಳಿಯಲ್ಲಿ ಜಮೀನು ನೋಡಿಕೊಂಡಿದ್ದರು. ಅಲ್ಲಿಂದ ವರ್ಷಕ್ಕೆ ರಾಗಿ, ಅವರೆ, ಕಡಲೆಕಾಯಿ ಬರುತ್ತಿತ್ತು. ಮೇಷ್ಟ್ರ ಸಂಬಳವೂ ಇತ್ತು. ಅಂದರೆ ನಮಗೆ ಊಟಕ್ಕೆ ತೊಂದರೆ ಇರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನನ್ನ ಕಥೆ ಕೇಳಿದವರೆಲ್ಲ, "ಪಾಪ, ಆಗ ಏನು ಕಷ್ಟ ಇತ್ತೋ" ಎಂದು ತಾವೇ ಒಂದು ಕಾರಣ ಹುಡುಕಿ ನನ್ನನ್ನು ಕ್ಷಮಿಸಿಬಿಡುತ್ತಾರೆ. ನನಗೆ ಆ ಕ್ಷಮೆ ಬೇಡ.

ಮಹಿಳಾ ಸಮಾಜದಲ್ಲಿ ನಾನು ಹೊಲಿಗೆ ಕಲಿತಿದ್ದೆ. ರವಿಕೆಯ ತೋಳು ಕೂಡಿಸುವುದರಲ್ಲಿ ನನ್ನ ಕೈ ಚೆನ್ನಾಗಿದೆ ಎಂದು ಅಲ್ಲಿನ ಟೀಚರು ಹೇಳುತ್ತಿದ್ದರು. ಪೇಟೆಯಲ್ಲಿ ಹೊಲಿಗೆ ಮಿಷನ್ನು ಮಾರುವ ಅಂಗಡಿಯೊಂದಿತ್ತು. ಅದರ ಸಾಹುಕಾರರು ಒಂದು ದಿನ ಸಮಾಜಕ್ಕೇ ಬಂದು ತಮ್ಮ ಕಷ್ಟ ಹೇಳಿಕೊಂಡರು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಮನೆಗಳಿಗೆ ಮಿಷನ್ನೇನೋ ಮಾರಿದ್ದರು. ಕೊಂಡವರಿಗೆ ಓಡಿಸಲು ಬರುತ್ತಿರಲಿಲ್ಲ. ಕಲಿಸಲು ಕಳಿಸಿದ ಗಂಡಾಳನ್ನು ಜಗಲಿಯಿಂದ ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಮಿಷನ್ನಿನ ಮೇಲೆ ಹಿಟ್ಟಿನ ಡಬ್ಬ ಕೂತಿತ್ತು.

"ಊರೂರಿಗೆ ಹೋಗಿ ಒಳಮನೇಲಿ ಕೂತು ಕಲಿಸೋಕೆ ಒಬ್ಬ ಹೆಣ್ಣುಮಗಳು ಬೇಕಮ್ಮ" ಎಂದರು ಅವರು. "ಒಂದೊಂದು ಊರಲ್ಲಿ ಎರಡು ಮೂರು ದಿನ ಇರಬೇಕಾಗ್ತದೆ. ಯಾರಾದ್ರೂ ಇದೀರಾ?"

ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ. "ನಾನು ಹೋಗ್ತೀನಿ" ಎಂದೆ. ಆಮೇಲೆ ಮನೆಗೆ ಬಂದು ಹೇಳಿದೆ. ಮೊದಲು ಮನೆಯಲ್ಲಿ ಕೇಳಬೇಕಿತ್ತಲ್ಲವೇ ಎಂದರೆ, ಕೇಳಿದ್ದರೆ ಹೋಗಲು ಆಗುತ್ತಿರಲಿಲ್ಲ, ಅಷ್ಟೇ.

ಅತ್ತೆಯವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಅವರ ತವರು ಗಡಿಯ ಕಡೆ. "ಆಡದಾನಿಕಿ ಊರೂರಾ ತಿರಿಗೇ ಪನೇಮಿ?" ಎಂದು ಒಲೆಯ ಮುಂದಿನಿಂದಲೇ ಕೂಗಿದರು. ಹೆಂಗಸಿಗೆ ಊರೂರು ತಿರುಗುವ ಕೆಲಸ ಏನು ಎಂದು. ನಾನು ಯಜಮಾನರ ಮುಖ ನೋಡಿದೆ. ಅವರು ಪೇಪರ್ ಕೆಳಗಿಳಿಸಿ, "ನಿನ್ನಿಷ್ಟ" ಎಂದು ಮತ್ತೆ ಪೇಪರ್ ಎತ್ತಿಕೊಂಡರು.

ಸೋಮವಾರ ಹೊರಟೇಬಿಟ್ಟೆ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಸಾಹುಕಾರರು ಪಾಠಕ್ಕೆಂದು ಕೊಟ್ಟ, ಮರದ ಮುಚ್ಚಳದ ಕೈಮಿಷನ್ನು. ಅದು ಬರಿಯ ಕಬ್ಬಿಣ. ಸ್ಟೇಷನ್ನು ಮುಟ್ಟುವ ಹೊತ್ತಿಗೆ ಭುಜ ಕಿತ್ತು ಬರುತ್ತಿತ್ತು. ನಮ್ಮ ಕಡೆಯ ಆ ಪುಟ್ಟ ರೈಲು ಓಡುತ್ತಿತ್ತು ಎನ್ನುವುದಕ್ಕಿಂತ ನಡೆಯುತ್ತಿತ್ತು ಎನ್ನಬೇಕು. ಏರು ಬಂದರೆ ಹುಡುಗರು ಇಳಿದು, ಪಕ್ಕದಲ್ಲೇ ನಡೆದು, ಮತ್ತೆ ಹತ್ತುತ್ತಿದ್ದರು. ನಾನು ಕಿಟಕಿಯ ಪಕ್ಕ ಕೂತೆ. ನಂದಿಬೆಟ್ಟ ಹಿಂದೆ ಸರಿಯಿತು. ಹಿಪ್ಪುನೇರಳೆ ತೋಟಗಳು ಬಂದವು. ಮದುವೆಯಾದ ಮೇಲೆ ನಾನು ರೈಲಿನಲ್ಲಿ ಒಬ್ಬಳೇ ಕೂತಿದ್ದು ಅದೇ ಮೊದಲು. ಯಾರಿಗೂ ನೀರು ಕೊಡಬೇಕಾಗಿರಲಿಲ್ಲ, ಯಾರ ಬುತ್ತಿಯನ್ನೂ ಬಿಚ್ಚಬೇಕಾಗಿರಲಿಲ್ಲ. ಎದುರಿಗೆ ಕೂತಿದ್ದ ಮುದುಕಿ, "ಯಾರ ಮನೇಲಿ ಸಾವಮ್ಮಾ? ಒಬ್ಳೇ ಹೊರಟಿದೀಯ" ಎಂದು ಕೇಳಿದಳು. "ಯಾರೂ ಸತ್ತಿಲ್ಲಜ್ಜಿ, ಕೆಲಸಕ್ಕೆ ಹೋಗ್ತಿದೀನಿ" ಎಂದೆ. ಅಜ್ಜಿಗೆ ನಂಬಿಕೆ ಬರಲಿಲ್ಲ. ಶಿಡ್ಲಘಟ್ಟದವರೆಗೂ ನನ್ನನ್ನು ಕನಿಕರದಿಂದಲೇ ನೋಡುತ್ತಿದ್ದಳು.

ಶಿಡ್ಲಘಟ್ಟದಲ್ಲಿ ಇಳಿದರೆ ಗೂಡು ಬೇಯಿಸುವ ವಾಸನೆ. ಮೊದಲ ದಿನ ಸೆರಗು ಮೂಗಿಗೆ ಒತ್ತಿಕೊಂಡೆ. ಎರಡನೆಯ ತಿಂಗಳಿಗೆ ಅದು ನನ್ನ ಅನ್ನದ ವಾಸನೆಯಾಯಿತು. ಅಲ್ಲಿ ನೂಲು ಬಿಚ್ಚುವ ಒಂದು ಸಾಬರ ಮನೆಯ ಒಳಕೋಣೆಯಲ್ಲಿ ನನ್ನ ಪಾಠ. ಆ ಮನೆಯ ಹೆಣ್ಣುಮಕ್ಕಳಷ್ಟೇ ಅಲ್ಲ, ಅಕ್ಕಪಕ್ಕದ ಮನೆಯವರೂ ಹಿತ್ತಲ ಬಾಗಿಲಿಂದ ಬಂದು ಸೇರುತ್ತಿದ್ದರು. ಗಂಡು ದರ್ಜಿಗೆ ಅಳತೆ ಕೊಡುವುದೆಂದರೆ ಅವರಿಗೆ ಪ್ರಾಣಸಂಕಟ. ಹಳೆಯ ರವಿಕೆ ಕಳಿಸಿ, ಹೊಸದು ಬಿಗಿಯಾಗಿ ಬಂದರೆ ಅಳುತ್ತಿದ್ದವರು ಈಗ ತಮ್ಮ ತಮ್ಮ ಅಳತೆಯನ್ನು ತಾವೇ ಹಿಡಿದು, ತಾವೇ ಕತ್ತರಿಸಿದರು. ಮೊದಲ ಕುಪ್ಪಸ ಹೊಲಿದು ಮುಗಿಸಿದ ಹುಡುಗಿ ಅದನ್ನು ತೊಟ್ಟು ಕೋಣೆಯಲ್ಲೆಲ್ಲ ತಿರುಗಿದ್ದು ಇನ್ನೂ ಕಣ್ಣಲ್ಲಿದೆ. ಸಂಜೆಯ ರೈಲಿಗೆ ಚಿಂತಾಮಣಿಗೆ ಹೋದರೆ ಅಲ್ಲಿ ನನ್ನ ಚಿಕ್ಕಮ್ಮನ ಮನೆ. ಆಕೆಗೆ ಮಕ್ಕಳಿರಲಿಲ್ಲ. ನಾನು ಹೋದರೆ ಬಸ್ಸಾರು, ಮುದ್ದೆ ಮಾಡಿ ಕಾಯುತ್ತಿದ್ದಳು. ಹಗಲೆಲ್ಲ ಪಾಠ, ರಾತ್ರಿ ಚಿಕ್ಕಮ್ಮನ ಜೊತೆ ಹರಟೆ. ಗುರುವಾರ ವಾಪಸು. ಮಾರನೆಯ ವಾರ ಬಸ್ಸು ಹಿಡಿದು ಗೌರಿಬಿದನೂರು.

ಮನೆ? ಮನೆ ನಡೆಯಿತು. ಆದರೆ ತಾನಾಗಿ ನಡೆಯಲಿಲ್ಲ. ಮೊದಲ ತಿಂಗಳು ನಾನು ಬರುವ ಹೊತ್ತಿಗೆ ತೊಳೆಯದ ಪಾತ್ರೆ, ಒಗೆಯದ ಬಟ್ಟೆ, ಗಂಟುಗಂಟಾದ ಮಗಳ ತಲೆಗೂದಲು. ಅತ್ತೆಗೆ ಮಂಡಿನೋವು. ಅವರನ್ನು ನಾನು ದೂರಲಿಲ್ಲ. ಯಜಮಾನರನ್ನು ಕೂರಿಸಿಕೊಂಡು ಕೇಳಿದೆ.

"ನಿನ್ನಿಷ್ಟ ಅಂದ್ರಲ್ಲ, ಹಂಗಂದ್ರೆ ಏನ್ರೀ?"

"ಹೋಗು ಅಂತ ಹೇಳಿದ ಹಾಗೆ."

"ನಾನು ಹೋಗೋದಕ್ಕೆ ನೀವು ಬಾಗಿಲು ತೆಗೀಬೇಕಾಗಿರಲಿಲ್ಲ. ಹೋದ ಮೇಲೆ ಒಲೆ ಯಾರು ಹಚ್ಚಬೇಕು? ಅದನ್ನ ಹೇಳಿ."

ಅವರಿಗೆ ನಿಜವಾಗಿಯೂ ಆ ಪ್ರಶ್ನೆ ಹೊಳೆದಿರಲೇ ಇಲ್ಲ. "ನಂಗೆ ಸಾರು ಮಾಡೋಕೆ ಬರಲ್ಲ ಕಣೇ" ಎಂದರು, ಶಾಲೆಯಲ್ಲಿ ಲೆಕ್ಕ ಬಾರದ ಹುಡುಗನ ಹಾಗೆ. "ನಂಗೂ ಮಿಷನ್ ಓಡಿಸೋಕೆ ಬರ್ತಿರಲಿಲ್ಲ" ಎಂದೆ. ಆ ಶನಿವಾರ ಹುರುಳಿ ಸಾರಿನಿಂದ ಶುರು ಮಾಡಿದೆವು. ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮಗನ ಕೈಯಲ್ಲಿ ಸೌಟು ನೋಡಿ ಕಣ್ಣೊರೆಸಿಕೊಂಡರು. ಆದರೂ ಉಪ್ಪು ಕಡಮೆಯಾಯಿತು ಎಂದು ಹೇಳುವುದನ್ನು ಬಿಡಲಿಲ್ಲ.

ಬೀದಿಯ ಜನ ಅವರಿಗೆ ಅಡುಗೆ ಮೇಷ್ಟ್ರು ಎಂದು ಹೆಸರಿಟ್ಟರು. ಅವರು ನಕ್ಕು ಸುಮ್ಮನಾಗುತ್ತಿದ್ದರು. ನನಗೆ ಆ ಗುಣ ಇಲ್ಲ. ಮಗಳಿಗೆ ದಡಾರ ಎದ್ದಾಗ ನಾನು ಚಿಂತಾಮಣಿಯಲ್ಲಿದ್ದೆ. ರೈಲಿನ ಗಾರ್ಡ್ ಕೈಲಿ ಇವರು ಸುದ್ದಿ ಹೇಳಿ ಕಳಿಸಿದ್ದರು. ಬೆಳಗಿನ ಗಾಡಿಗೇ ಹೊರಟು ಬಂದೆ. ಮಗುವಿನ ಮೈ ಕೆಂಡ. ಅದರ ಹಾಸಿಗೆಯ ಸುತ್ತ ಬೇವಿನ ಸೊಪ್ಪು ಹರಡಿ, ಇವರು ರಾತ್ರಿಯೆಲ್ಲ ಎದ್ದಿದ್ದ ಕಣ್ಣಲ್ಲಿ ಪಕ್ಕದಲ್ಲಿ ಕೂತಿದ್ದರು. ನಾನು ಇನ್ನೂ ಚೀಲ ಕೆಳಗಿಟ್ಟಿಲ್ಲ, ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ತಾಯಿ ಮನೇಲಿದ್ದಿದ್ರೆ ಹಿಂಗಾಗ್ತಿತ್ತೇನಮ್ಮ?" ಎಂದಳು.

"ದಡಾರ ಬೀದಿಗೆಲ್ಲ ಬಂದಿದೆ" ಎಂದೆ. "ನಿಮ್ಮ ಮಗೂಗೂ ಎದ್ದಿತ್ತಲ್ಲ ಹೋದ ವಾರ? ನೀವು ಮನೇಲೇ ಇದ್ರಿ. ನಿಮ್ಮನೇಲಿ ಹೆಂಗಾಯ್ತು?"

ಆಕೆ ಎಷ್ಟೋ ದಿನ ನನ್ನ ಜೊತೆ ಮಾತಾಡಲಿಲ್ಲ. ಮಗಳು ಮಗ್ಗಲು ಬದಲಿಸಿ ಎದ್ದು ಕೂತು ಅಂಬಲಿ ಕೇಳುವವರೆಗೂ ನಾನು ಮನೆ ಬಿಟ್ಟು ಕದಲಲಿಲ್ಲ. ಹುಷಾರಾದ ಮೇಲೆ ಮತ್ತೆ ಹೋದೆ. "ಇಷ್ಟಾದ ಮೇಲೂ ಹೋಗ್ತಾಳೆ" ಎಂದರು. ಇಷ್ಟು ಎಂದರೆ ಎಷ್ಟು? ಮಗುವಿಗೆ ಕಾಯಿಲೆ ಬಂತು, ವಾಸಿಯಾಯಿತು. ಅದಕ್ಕೂ ನನ್ನ ರೈಲಿಗೂ ಸಂಬಂಧವಿಲ್ಲ ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ನೋವಾಗಲಿಲ್ಲವೇ ಎಂದರೆ, ಆಯಿತು. ಒಂದು ದಿನ ಮಗಳು ಅಂಗಳದಲ್ಲಿ ಓಡುತ್ತಿದ್ದವಳು ಎಡವಿ ಬಿದ್ದಳು. ನಾನು ಅಲ್ಲೇ, ಕೈಗೆಟಕುವಷ್ಟು ಹತ್ತಿರದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಅವಳು ನನ್ನನ್ನು ದಾಟಿಕೊಂಡು "ಅಪ್ಪಾ" ಎಂದು ಅಳುತ್ತ ಒಳಗೆ ಓಡಿದಳು. ಅತ್ತೆ ನೋಡಿದರು. "ನೋಡ್ದ್ಯಾ?" ಎಂದರು. "ನೋಡ್ದೆ" ಎಂದೆ. ನಾನು ಅಂದುಕೊಂಡೆ: ಈ ಊರಿನಲ್ಲಿ ಎಷ್ಟು ಮಕ್ಕಳು ಬಿದ್ದರೆ ಅಪ್ಪಾ ಎನ್ನುತ್ತವೆ? ಒಂದಾದರೂ ಅಂದಿತಲ್ಲ. ಹಾಗೆಂದುಕೊಂಡರೂ ಅವರೆಕಾಯಿ ಬಿಡಿಸುತ್ತಿದ್ದ ಕೈ ಆ ದಿನ ಮತ್ತೆ ಸರಿಯಾಗಿ ಆಡಲಿಲ್ಲ. ಅಂದಿನಿಂದ ಭಾನುವಾರದ ಎಣ್ಣೆನೀರನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಅವಳ ತಲೆಗೆ ಹರಳೆಣ್ಣೆ ತಟ್ಟುತ್ತ ರೈಲಿನ ಸುದ್ದಿ, ಚಿಂತಾಮಣಿಯ ಸುದ್ದಿ ಹೇಳುತ್ತಿದ್ದೆ. ಆಸೆಪಟ್ಟಳೆಂದು ಒಂದು ಸಲ ಜೊತೆಗೆ ಕರೆದುಕೊಂಡೂ ಹೋದೆ. ಶಿಡ್ಲಘಟ್ಟದ ವಾಸನೆಗೆ ವಾಂತಿ ಮಾಡಿಕೊಂಡು, "ಇನ್ಮೇಲೆ ನೀನೇ ಹೋಗಿ ಬಾರಮ್ಮ, ನಾನು ಅಪ್ಪನ ಹತ್ರ ಇರ್ತೀನಿ" ಎಂದು ಅಪ್ಪಣೆ ಕೊಟ್ಟಳು.

ನನ್ನ ತಿರುಗಾಟ ಭಾವನವರ ಕಿವಿಗೆ ಬಿದ್ದದ್ದು ಗೌರಿಬಿದನೂರಿನಲ್ಲಿ. ಬಸ್ ಸ್ಟ್ಯಾಂಡಿನಿಂದ ಪೇಟೆಯ ಬೀದಿಗೆ ನಾನು ಮಿಷನ್ನು ಹೊತ್ತು ನಡೆಯುವುದನ್ನು ಅವರ ಊರಿನವರು ಯಾರೋ ನೋಡಿ, "ನಿಮ್ಮ ತಮ್ಮನ ಹೆಂಡ್ತಿ ಕೂಲಿಯೋಳ ಹಂಗೆ ಪೆಟ್ಟಿಗೆ ಹೊತ್ಕೊಂಡು ಬೀದೀಲಿ ಹೋಗ್ತಿದ್ಲು" ಎಂದರಂತೆ. ಭಾವ ಒಳ್ಳೆಯವರು. ಕೊಟ್ಟ ಮಾತಿಗೆ ತಪ್ಪದವರು, ಊರಿನ ಪಂಚಾಯಿತಿಯಲ್ಲಿ ಅವರ ಮಾತಿಗೆ ಬೆಲೆಯಿತ್ತು. ಆ ಬೆಲೆ ನನ್ನ ಪೆಟ್ಟಿಗೆಯಿಂದ ಇಳಿಯಿತು ಎನ್ನಿಸಿರಬೇಕು. ಆ ವರ್ಷದ ಗೌರಿಹಬ್ಬಕ್ಕೆ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು.

ಹಬ್ಬದ ಹಿಂದಿನ ವಾರ ನನಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಎಲ್ಲ ಊರಲ್ಲೂ ಹೊಸ ರವಿಕೆಯ ಅವಸರ. ಹಬ್ಬದ ಹಿಂದಿನ ದಿನ ಬರಬೇಕಾಗಿದ್ದವಳು ರೈಲು ಕೆಟ್ಟು ನಿಂತದ್ದರಿಂದ ಹಬ್ಬದ ದಿನ ಬೆಳಿಗ್ಗೆ ಗೂಡಿನ ಲಾರಿಯೊಂದರಲ್ಲಿ, ಡ್ರೈವರ್ ಪಕ್ಕ ಕೂತು ಬಂದಿಳಿದೆ. ಬೀದಿಯೆಲ್ಲ ರಂಗೋಲಿ. ನಮ್ಮ ಬಾಗಿಲಲ್ಲೂ ರಂಗೋಲಿ ಇತ್ತು. ಓರಗಿತ್ತಿ ಹಾಕಿದ್ದಳು. ಜಗಲಿಯ ಮೇಲೆ ಭಾವ ಕೂತಿದ್ದರು. ಲಾರಿಯಿಂದ ಇಳಿದು, ಮಿಷನ್ನನ್ನು ಇಳಿಸಿಕೊಂಡು, ಅವರ ಮುಂದೆಯೇ ಒಳಗೆ ಹೋದೆ.

ಸ್ನಾನ ಮಾಡಿ ಪೂಜೆ ಮುಗಿಸಿದೆ. ದಾರ ಕಟ್ಟಿಸಿಕೊಂಡೆ, ಅತ್ತೆಗೆ ನಮಸ್ಕಾರ ಮಾಡಿ ಓರಗಿತ್ತಿಗೆ ಬಾಗಿನ ಕೊಟ್ಟೆ. ಒಬ್ಬಟ್ಟಿನ ಊಟವಾಯಿತು. ಎಲೆ ಎತ್ತಿದ ಮೇಲೆ ಭಾವ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿದರು.

"ನೋಡಮ್ಮ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ಇಲ್ಲಿ ಏನಾದ್ರೂ ಕಡಮೆ ಬಿದ್ರೆ ಹೇಳು. ಇನ್ನೊಂದೆರಡು ಮೂಟೆ ರಾಗಿ ಕಳಿಸ್ತೀನಿ. ಎಣ್ಣೆ, ಬೆಲ್ಲ, ಏನು ಬೇಕೋ ಅದು. ಮನೆ ಹೆಣ್ಣುಮಗಳು ಬೀದಿ ಮೇಲೆ ಹೋಗೋದು ಬೇಡ."

ಅಷ್ಟು ಮರ್ಯಾದೆಯಾಗಿ ಕೇಳಿದ್ದರು. ಕಡಮೆ ಬಿದ್ದಿತ್ತು ಭಾವ, ವಿಧಿಯಿಲ್ಲದೆ ಹೋದೆ ಎಂದು ತಲೆ ತಗ್ಗಿಸಿದ್ದರೆ ಎಲ್ಲ ಅಲ್ಲಿಗೇ ತಣ್ಣಗಾಗುತ್ತಿತ್ತು. ಓರಗಿತ್ತಿ ನನ್ನನ್ನೇ ನೋಡುತ್ತಿದ್ದಳು.

"ಏನೂ ಕಡಮೆ ಇಲ್ಲ ಭಾವ" ಎಂದೆ. "ನಂಗೆ ಹೋಗೋದು ಇಷ್ಟ. ಅದಕ್ಕೆ ಹೋಗ್ತೀನಿ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. ತಮ್ಮನ ಕಡೆ ತಿರುಗಿದರು. "ಏನೋ, ಕೇಳಿಸ್ತೇನೋ? ಇಷ್ಟವಂತೆ! ಮನೇಲಿ ನಿನ್ನ ಮಾತು ನಡೆಯಲ್ವೇನೋ? ನೀನು ಮುಸುರೆ ತಿಕ್ಕೋದು, ಇವ್ಳು ಲಾರಿಯಿಂದ ಇಳಿಯೋದು!"

ಇವರು ಮತ್ತೆ ನಿನ್ನಿಷ್ಟ ಎಂದು ನನ್ನ ಕಡೆಗೆ ದೂಡಿಬಿಡುತ್ತಾರೆ ಎಂದುಕೊಂಡೆ. ಅಣ್ಣನ ಎದುರು ಅವರು ದನಿಯೆತ್ತಿದ್ದನ್ನು ನಾನು ಕಂಡಿರಲಿಲ್ಲ. ಆ ದಿನವೂ ದನಿಯೇನೂ ಏರಲಿಲ್ಲ.

"ಇವತ್ತಿನ ಸಾರು ಹೆಂಗಿತ್ತಣ್ಣ?" ಎಂದು ಕೇಳಿದರು.

"ಸಾರಿನ ಮಾತ್ಯಾಕೆ ಈಗ?"

"ಚೆನ್ನಾಗಿದೆ ಅಂತ ಎರಡು ಸಲ ಹಾಕಿಸ್ಕೊಂಡ್ಯಲ್ಲ. ನಾನೇ ಮಾಡಿದ್ದು. ಇವಳು ಹೋಗೋದ್ರಿಂದ ನಂಗೇನೂ ತೊಂದರೆ ಆಗಿಲ್ಲ. ಹೋಗ್ಲಿ ಬಿಡು."

ಭಾವ ಎದ್ದು ನಿಂತರು. ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು, ಅಮ್ಮನನ್ನು ಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ನನಗೆ ಒಂದು ಒಳ್ಳೆಯ ಮಾತು ಆಡುವವರಲ್ಲ ಅವರು. ಆಡಲೂ ಇಲ್ಲ.

"ಇವಳ ತಿರುಗಾಟ ನಂಗೂ ಸೇರಲ್ಲಪ್ಪ" ಎಂದರು. "ಆದ್ರೆ ನಾನು ಬರಲ್ಲ. ಅಲ್ಲಿ ಬಾವಿ ದೂರ. ಇಲ್ಲಿ ಮನೆ ಮುಂದೆ ನಲ್ಲಿ ಐತೆ, ಎರಡು ಹೊತ್ತು ಕಾಫಿ ಸಿಗುತ್ತೆ."

ಓರಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಭಾವ ತಿಳಿದರು. ನಗುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಸಂಜೆಯ ಬಸ್ಸಿಗೆ ಇಬ್ಬರೂ ಹೊರಟುಹೋದರು. ಸೋಮವಾರ ನಾನು ಶಿಡ್ಲಘಟ್ಟದ ರೈಲು ಹತ್ತಿದೆ.

ಆ ವರ್ಷ ಹಳ್ಳಿಯಿಂದ ರಾಗಿ ಬರಲಿಲ್ಲ. ಸಂತೆಯಲ್ಲಿ ಕೊಂಡೆವು. ದೀಪಾವಳಿಗೆ ಕರೆ ಬರಲಿಲ್ಲ. ನಾವೇ ಮನೆಯಲ್ಲಿ ಹಬ್ಬ ಮಾಡಿದೆವು. ಅಣ್ಣನನ್ನು ಕಳೆದುಕೊಂಡ ಬೇಸರ ಇವರಿಗೆ ಇದ್ದೇ ಇತ್ತು. ನನ್ನ ಮೇಲೆ ಅದನ್ನು ಹಾಕಲಿಲ್ಲ ಎನ್ನುವುದನ್ನು ನಾನು ಮರೆಯಲಾರೆ. ನಾನು ಕ್ಷಮೆ ಕೇಳಿ ಬರಲೇ ಎಂದು ಒಂದು ಸಲ ಬಾಯಿಗೆ ಬಂದಿತ್ತು. ಯಾವುದಕ್ಕೆ ಎಂದು ಕೇಳಿದರೆ ಹೇಳಲು ಏನೂ ತೋಚಲಿಲ್ಲ. ಹೋಗಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು, ಒಬ್ಬಳೇ. ಕೈಯಲ್ಲಿ ಒಂದು ಗಂಟು. ಹಳ್ಳಿಯಲ್ಲಿ ಏನೋ ಆಗಿಹೋಗಿದೆ ಎಂದುಕೊಂಡೆ.

"ಏನಕ್ಕ? ಭಾವ ಚೆನ್ನಾಗಿದ್ದಾರಾ?"

"ಅವ್ರಿಗೇನಾಗಿದೆ, ಗುಂಡುಕಲ್ಲಿನ ಹಂಗವ್ರೆ" ಎಂದಳು. "ಕೈವಾರಕ್ಕೆ ಹರಕೆ ಇದೆ, ಊರಿನ ಹೆಂಗಸರ ಜೊತೆ ಹೋಗ್ತೀನಿ ಅಂತ ಹೇಳಿ ಬಂದೀನಿ ಕಣೇ. ನಾಳೆ ಸೋಮವಾರ ಅಲ್ವಾ? ನಿನ್ನ ಜೊತೆ ನನ್ನೂ ಕರ್ಕೊಂಡು ಹೋಗು."

ಹೊಲಿಗೆ ಕಲಿಯುವ ಆಸೆ ಇರಬೇಕೆಂದು ಕೇಳಿದೆ. "ಹೊಲಿಗೆ ಯಾರಿಗೆ ಬೇಕು?" ಎಂದಳು. "ಇಷ್ಟ ಅಂದ್ಯಲ್ಲ ಆವತ್ತು, ಅದೇನು ಅಂತ ನೋಡ್ಬೇಕು." ಅವಳಿಗೆ ಆಗ ನಲವತ್ತು ದಾಟಿತ್ತು. ಹದಿನಾಲ್ಕಕ್ಕೆ ಮದುವೆಯಾಗಿ ಆ ಮನೆಗೆ ಬಂದವಳು ರೈಲು ಹತ್ತಿಯೇ ಇರಲಿಲ್ಲ. ಬೇರೆ ಮಾರ್ಗದ ರೈಲೊಂದು ಗೌರಿಬಿದನೂರಿನ ಮೇಲೇ ಹೋಗುತ್ತಿತ್ತು, ಅದರ ಕೂಗು ಅವರ ಹೊಲಕ್ಕೂ ಕೇಳುತ್ತಿತ್ತು.

ಮಾರನೆಯ ದಿನ ಅವಳನ್ನು ಕಿಟಕಿಯ ಪಕ್ಕ ಕೂರಿಸಿದೆ. ದಾರಿಯುದ್ದಕ್ಕೂ ಸರಳು ಹಿಡಿದು ಹೊರಗೇ ನೋಡಿದಳು. ಶಿಡ್ಲಘಟ್ಟದ ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂತು, ಅವರು ಕೊಟ್ಟ ಚಹಾ ಕುಡಿದಳು. ಹೊರಗೆ ಬಂದ ಮೇಲೆ, "ಊರಲ್ಲಿ ಹೇಳ್ಬೇಡ ಕಣೇ" ಎಂದಳು. ಒಂದು ಹೆಜ್ಜೆ ನಡೆದು, "ಹೇಳಿದ್ರೂ ಹೇಳು ಹೋಗು" ಎಂದಳು. ಚಿಂತಾಮಣಿಯಲ್ಲಿ ಚಿಕ್ಕಮ್ಮನಿಗೂ ಅವಳಿಗೂ ಹಳೆಯ ಗೆಳತಿಯರಂತೆ ಹೊಂದಿಕೆಯಾಯಿತು. ಹೇಳಿ ಬಂದದ್ದು ಸುಳ್ಳಾಗಬಾರದೆಂದು ಒಂದು ಬೆಳಿಗ್ಗೆ ಮೂವರೂ ಬಸ್ಸಿನಲ್ಲಿ ಕೈವಾರಕ್ಕೆ ಹೋಗಿ ಕೈಮುಗಿದು ಬಂದೆವು. ಹರಕೆ ಏನಿತ್ತೋ ಅವಳು ಹೇಳಲಿಲ್ಲ.

ವಿಷಯ ಮುಚ್ಚಿಡುವುದು ಅವಳಿಂದಲೇ ಆಗಲಿಲ್ಲ. ವಾಪಸು ಹೋದ ವಾರದಲ್ಲೇ ಗಂಡನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಇಳಿಯುವುದನ್ನೇ ಕಾಯುತ್ತ ಭಾವ ನಿಂತಿದ್ದರು. ಸುತ್ತ ಜನ. ಅಲ್ಲೇ ಜಗಳವಾಗುತ್ತದೆ ಎಂದುಕೊಂಡು ಮಿಷನ್ನು ಕೆಳಗಿಟ್ಟು ನೆಟ್ಟಗೆ ನಿಂತೆ.

"ಯಾರನ್ನ ಕೇಳಿ ಕರ್ಕೊಂಡು ಹೋದೆ?" ಎಂದರು.

"ಅಕ್ಕನ್ನ ಕೇಳಿ" ಎಂದೆ.

ಅವರು ನನ್ನನ್ನೊಮ್ಮೆ ನೋಡಿದರು. ಹೆಗಲ ಮೇಲಿನ ವಲ್ಲಿ ಕೊಡವಿ ಹಾಕಿಕೊಂಡು ತಿರುಗಿ ಹೋದರು. ಅವರು ನನ್ನನ್ನು ಒಪ್ಪಲಿಲ್ಲ. ಕೊನೆಯವರೆಗೂ ಒಪ್ಪಲಿಲ್ಲ. ನಮ್ಮ ಮನೆಗೆ ಮತ್ತೆ ಬರತೊಡಗಿದ್ದು ಮಗಳು ಹೈಸ್ಕೂಲಿಗೆ ಹೋಗುವಾಗ. ಬಂದರೂ ನನ್ನ ಹತ್ತಿರ ನೀರು, ಕಾಫಿ ಎಂದಷ್ಟೇ ಮಾತು. ನಾನೂ ಅಷ್ಟೇ ಕೊಟ್ಟೆ. ಅರವತ್ತರ ದಶಕದ ಕೊನೆಗೆ ಊರೂರಲ್ಲೂ ಹೊಲಿಗೆ ಶಾಲೆಗಳಾಗಿ ಸಾಹುಕಾರರು ನನ್ನ ಕೆಲಸ ನಿಲ್ಲಿಸುವವರೆಗೂ ನಾನು ತಿರುಗಿದೆ. ಅವರು ನಿಲ್ಲಿಸದಿದ್ದರೆ ಇನ್ನೂ ತಿರುಗುತ್ತಿದ್ದೆ.

ಓರಗಿತ್ತಿ ಪ್ರತಿ ಬೇಸಿಗೆ ಬಂದಳು. ಎರಡನೆಯ ಸಲ ಹರಕೆಯ ನೆಪ ಹೇಳಿರಲಿಲ್ಲ. ಚಿಂತಾಮಣಿಯ ಸ್ಟೇಷನ್ನಿನಲ್ಲಿ ಇಳಿದವಳು, ನಾವು ಬಂದ ರೈಲು ಮುಂದಕ್ಕೆ ಹೊರಡುವುದನ್ನು ನೋಡುತ್ತ ನಿಂತುಬಿಟ್ಟಳು.

"ಇದು ಇನ್ನೂ ಎಲ್ಲಿಗೆ ಹೋಗುತ್ತೇ?"

"ಶ್ರೀನಿವಾಸಪುರ, ಆಮೇಲೆ ಕೋಲಾರ."

"ಮತ್ತೆ ನಾವ್ಯಾಕೆ ಇಲ್ಲೇ ಇಳಿದ್ವಿ?" ಎಂದಳು ನಮ್ಮಕ್ಕ. "ಮುಂದಿನ ಸಲ ಕೋಲಾರದವರೆಗೂ ಹೋಗಣ."